ಬೆಳಿಗ್ಗೆಯೇ ಮುಗಿದ ದಿನಚರಿ

ನಮ್ಮ ಸಾಹೇಬರು ಡೈರಿಯನ್ನು ಬೆಳಿಗ್ಗೆಯೇ ಬರೆದು ಮುಗಿಸುತ್ತಿದ್ದರು. ಮೊದಲು ಜಳಕ, ಆಮೇಲೆ ಡೈರಿ, ಆಮೇಲೆ ಚಹಾ. ದಿನ ಮುಗಿದ ಮೇಲೆ ದಿನಚರಿ ಬರೆಯುವವರನ್ನು ನಾನು ಕಂಡಿದ್ದೇನೆ. ದಿನ ಶುರುವಾಗುವ ಮೊದಲೇ, ಅದೂ ‘ಮಾಡುವೆ’ ಅಂತಲ್ಲ, ‘ಮಾಡಿದೆ’ ಅಂತ ಬರೆದು ಕೆಳಗೆ ಸಹಿ ಹಾಕುವವರನ್ನು ಇವರೊಬ್ಬರನ್ನೇ ಕಂಡದ್ದು.

“ಹತ್ತು ಗಂಟೆಗೆ ಸಾರ್ವಜನಿಕರ ಅಹವಾಲು ಆಲಿಸಿದೆ. ಮಧ್ಯಾಹ್ನ ಝುಣಕ, ರೊಟ್ಟಿ ಉಂಡೆ. ಸಂಜೆ ಬಸ್ ಸ್ಟ್ಯಾಂಡಿನತನಕ ಅಡ್ಡಾಡಿದೆ. ಜನ ಗುರುತು ಹಿಡಿದು ನಮಸ್ಕಾರ ಮಾಡಿದರು.”

ಇಷ್ಟು ಬರೆದಾದ ಮೇಲೆ ಆ ಪುಟವನ್ನು ಸಂಜೆಯೊಳಗೆ ನಿಜ ಮಾಡುವ ಹೊಣೆ ಮನೆಯವರದು, ನೆರೆಯವರದು, ಒಟ್ಟಾರೆ ಚಿಕ್ಕೋಡಿಯದು.

ಒಂದು ಕಾಲಕ್ಕೆ ಮಂತ್ರಿಯಾಗಿದ್ದವರು. ಯಾವ ಖಾತೆ ಅಂತ ಕೇಳಿದರೆ ಅವರ ಹೆಂಡತಿ, ಗಲ್ಲಿಯವರೆಲ್ಲ ಕಾಕು ಎಂದು ಕರೆಯುವವರು, ಸ್ವಲ್ಪ ಯೋಚನೆ ಮಾಡಿ, “ಖಾತೆ ಸಣ್ಣದ ಇತ್ತವಾ, ಬಂಗ್ಲೆ ಮಾತ್ರ ದೊಡ್ಡದಿತ್ತು,” ಅನ್ನುತ್ತಿದ್ದರು. ಸರಕಾರ ಬಿತ್ತು, ಬಂಗ್ಲೆ ಹೋಯಿತು. ಉಳಿದದ್ದು ಈ ಒಂದು ರೂಢಿ. ಮಂತ್ರಿಗಿರಿಯಲ್ಲಿ ಅವರ ಪ್ರವಾಸದ ಕಾರ್ಯಕ್ರಮ ಹಿಂದಿನ ದಿನವೇ ಟೈಪಾಗಿ ಬರುತ್ತಿತ್ತಂತೆ. ಇಷ್ಟು ಹೊತ್ತಿಗೆ ರಾಯಬಾಗ, ಇಷ್ಟು ಹೊತ್ತಿಗೆ ಅಥಣಿ, ಇಷ್ಟು ಹೊತ್ತಿಗೆ ಊಟ, ಊಟ ಆದ ಮೇಲೆ ಜನರ ಕಷ್ಟ. ಹಾಳೆಯಲ್ಲಿ ಇದ್ದ ಹಾಗೆಯೇ ಎಲ್ಲ ನಡೆಯುತ್ತಿತ್ತು. ಮರುದಿನ ಅದೇ ಹಾಳೆಯ ‘ಮಾಡುವರು’ಗಳನ್ನೆಲ್ಲ ‘ಮಾಡಿದರು’ ಮಾಡಿ ಪೇಪರಿನವರಿಗೆ ಕೊಡುತ್ತಿದ್ದರು. ಬರೆದರೆ ಸಾಕು, ದಿನ ತಾನಾಗಿ ಹಿಂದೆ ಬರುತ್ತದೆ ಎಂಬ ನಂಬಿಕೆ ಅವರಿಗೆ ಹತ್ತಿದ್ದು ಅಲ್ಲಿಂದ.

ನನ್ನದು ಕೋರ್ಟಿನ ಎದುರು ಗಲ್ಲಿಯಲ್ಲಿ ಸಣ್ಣ ಟೈಪಿಂಗ್, ಝೆರಾಕ್ಸ್ ಅಂಗಡಿ. ಮನೆಯೂ ಅದೇ ಗಲ್ಲಿಯಲ್ಲಿ, ಸಾಹೇಬರ ಕಾಂಪೌಂಡಿಗೆ ಹತ್ತಿಕೊಂಡೇ ಇದೆ. ಹೀಗಾಗಿ ಅವರ ಕಾಗದಪತ್ರ ಟೈಪ್ ಮಾಡುವುದೂ ನನ್ನ ಪಾಲಿಗೆ ಬಂತು, ಅಹವಾಲು ಹೇಳುವುದೂ ನನ್ನ ಪಾಲಿಗೇ ಬಂತು. ಹತ್ತು ಗಂಟೆಗೆ ಯಾರೂ ಬಾರದಿದ್ದರೆ ಕಾಂಪೌಂಡಿನ ಮೇಲಿಂದ ಕರೆ ಬರುತ್ತಿತ್ತು.

“ತಂಗೀ, ಏನರ ಅಹವಾಲ ಇದ್ರ ಹೇಳ್ ಬಾ.”

“ಏನಿಲ್ರಿ ಸಾಹೇಬ್ರ. ಎಲ್ಲಾ ಆರಾಮ ಐತ್ರಿ.”

“ಆರಾಮ ಅಂದ್ರ ಹೆಂಗವಾ? ಆಲಿಸಿದೆ ಅಂತ ಬರದಬಿಟ್ಟೇನಿ. ಗಟಾರದ್ದರ ಹೇಳು.”

ಗಟಾರದ ಅಹವಾಲು ಹೇಳಿ ಹೇಳಿ ನನಗೆ ಬಾಯಿಪಾಠವಾಗಿತ್ತು. ಸಾಹೇಬರು ಮಾತ್ರ ಪ್ರತಿಸಲವೂ ಮೊದಲ ಸಲ ಕೇಳಿದವರಂತೆ ಹುಬ್ಬು ಗಂಟಿಕ್ಕಿ, ಟೋಪಿ ಸರಿಮಾಡಿಕೊಂಡು, “ನೋಡೂಣು, ಮ್ಯಾಲಿನವರಿಗೆ ಬರೀತೇನಿ,” ಅನ್ನುತ್ತಿದ್ದರು. ಸುಳ್ಳಲ್ಲ, ಬರೆಯುತ್ತಲೂ ಇದ್ದರು. ‘ತಮ್ಮ ಪತ್ರ ತಲುಪಿದೆ, ಸಂಬಂಧಪಟ್ಟವರಿಗೆ ಕಳಿಸಲಾಗಿದೆ’ ಎಂಬ ಒಂದು ಸಾಲಿನ ಟೈಪ್ ಕಾಗದ ತಿರುಗಿ ಬರುತ್ತಿತ್ತು. ಸಂಬಂಧಪಟ್ಟವರು ಯಾರು ಎಂಬುದು ನಮ್ಮ ಗಟಾರಕ್ಕೆ ಇವತ್ತಿನತನಕ ಗೊತ್ತಾಗಿಲ್ಲ.

ಕಾಕು ಈ ರೂಢಿಗೆ ತಮ್ಮದೇ ರೀತಿಯಲ್ಲಿ ಒಗ್ಗಿಕೊಂಡಿದ್ದರು. “ಇವತ್ತ ನಾ ಏನ್ ಅಡಗಿ ಮಾಡೇನಿ, ಒಂದೀಟ ಡೈರಿ ನೋಡಿ ಹೇಳ್ರಿ,” ಎಂದು ಒಲೆಯ ಮುಂದಿನಿಂದಲೇ ಕೂಗುತ್ತಿದ್ದರು. ಒಮ್ಮೆ ಝುಣಕ ಎಂದು ಬರೆದ ದಿನ ಬದನೇಕಾಯಿ ಮಾಡಿದರು. ಸಾಹೇಬರು ತಾಟು ನೋಡಿದರು, ಡೈರಿ ನೋಡಿದರು.

“ಇದು ಝುಣಕ ಅಲ್ಲಲಾ.”

“ಕಡ್ಲಿ ಹಿಟ್ಟ ತೀರೇತ್ರಿ. ಡೈರಿಯೊಳಗ ಮೊದಲ ಹಿಟ್ಟ ತರಸಬೇಕಿತ್ತು. ಬರೇ ಝುಣಕ ಬರದ್ರ ಹೆಂಗ?”

ಸಾಹೇಬರು ಝುಣಕವನ್ನು ಹೊಡೆದುಹಾಕಲಿಲ್ಲ. ಬರೆದದ್ದನ್ನು ಹೊಡೆದುಹಾಕುವುದು ಅವರ ಸ್ವಭಾವದಲ್ಲೇ ಇರಲಿಲ್ಲ. ಬದಿಗೆ ಸಣ್ಣ ಅಕ್ಷರದಲ್ಲಿ ‘ತಾಂತ್ರಿಕ ಕಾರಣಗಳಿಂದ ಬದನೇಕಾಯಿ’ ಎಂದು ಬರೆದು ಸಹಿ ಮಾಡಿದರು.

ಡೈರಿ ಪ್ರತಿ ವರ್ಷ ಒಂದು ಸಕ್ಕರೆ ಕಾರ್ಖಾನೆಯಿಂದ ಬರುತ್ತಿತ್ತು, ಕಲ್ಯಾಣ ಮಂಟಪದ ಬಾಗಿಲಿನಷ್ಟು ಗಟ್ಟಿ ರಟ್ಟಿನದು. ಮೊದಲ ಪುಟಕ್ಕೆ ಕಾಕು ಮಂಗಸೂಳಿ ಮಲ್ಲಯ್ಯನ ಭಂಡಾರದ ಅರಿಸಿನ ಹಚ್ಚಿಕೊಡುತ್ತಿದ್ದರು. ಕಾರ್ಖಾನೆಯ ಆಡಳಿತ ಬದಲಾಗಿ ಡೈರಿ ಬರುವುದು ನಿಂತ ವರ್ಷ ಸಾಹೇಬರು ತಾವೇ ನಿಪ್ಪಾಣಿಗೆ ಹೋಗಿ ಅಂಗಡಿಯಲ್ಲಿ ಕೊಂಡು ತಂದರು. ಮೊದಲ ಪುಟದ ಮೊದಲ ಸಾಲು: “ಕಾರ್ಖಾನೆಯವರು ಎಂದಿನಂತೆ ಪ್ರೀತಿಯಿಂದ ಡೈರಿ ಕಳಿಸಿದರು.”

ಸಂಜೆಯ ಅಡ್ಡಾಟದಲ್ಲಿ ಗುರುತು ಹಿಡಿಯುವವರು ಕಡಿಮೆಯಾಗುತ್ತ ಬಂದರು. ಆಗ ಸಾಹೇಬರು ಕೊಲ್ಹಾಪುರ ಬಸ್ಸಿನ ಬಾಗಿಲಲ್ಲಿ ನಿಂತು ಕಂಡಕ್ಟರನಿಗೆ ಮರಾಠಿಯಲ್ಲಿ, “ಗಾಡಿ ಕಧಿ ಸುಟಣಾರ?” ಎಂದು ಕೇಳುತ್ತಿದ್ದರು. ಎಲ್ಲಿಗೂ ಹೋಗುವವರಲ್ಲ, ಗಾಡಿ ಯಾವಾಗ ಬಿಡುತ್ತದೆ ಎಂದು ಸುಮ್ಮನೆ ಮಾತಿಗೆಳೆಯುವುದು. ಅವನು, “ಬಸಾ ಆಜೋಬಾ, ಬಸಾ,” ಕೂಡ್ರಿ ಅಜ್ಜಾ ಅಂತ, ಕೈ ಹಿಡಿದು ಒಳಗೆ ಎಳೆಯುತ್ತಿದ್ದ. ಮರುದಿನ ನನಗೆ ಹೇಳಿದರು: “ಮಹಾರಾಷ್ಟ್ರದವರೂ ಕೈ ಬಿಡಾಕ ತಯಾರಿಲ್ಲ ನೋಡ ತಂಗಿ.”

ಪತ್ರಗಳಲ್ಲಿ ಹೆಚ್ಚಿನವು ಸಂತಾಪದವು. ಕಾಗವಾಡದಲ್ಲಿ ಹೋಗಲಿ, ನಿಪ್ಪಾಣಿಯಲ್ಲಿ ಹೋಗಲಿ, ಯಾರು ತೀರಿದರೂ ಸಾಹೇಬರ ಕಾಗದ ಮುಟ್ಟಬೇಕು. ನನ್ನ ಕಂಪ್ಯೂಟರಿನಲ್ಲಿ ಒಂದು ಕಾಯಂ ನಮೂನೆ ಇತ್ತು: ‘ಇವರ ಅಗಲಿಕೆಯಿಂದ ಈ ಭಾಗಕ್ಕೆ ತುಂಬಲಾರದ ಹಾನಿಯಾಗಿದೆ.’ ಹೆಸರು, ಊರು ಬದಲು ಮಾಡಿದರೆ ಆಯಿತು. ಕಬ್ಬಿನ ಗಾಡಿ ಹೊಡೆಯುವವರಿಂದ ಹಿಡಿದು ಸಂಸ್ಥೆಯ ಚೇರಮನ್ನರವರೆಗೆ ಎಲ್ಲರಿಂದಲೂ ಈ ಭಾಗಕ್ಕೆ ಒಂದೇ ಅಳತೆಯ ಹಾನಿ. ಸಾಹೇಬರು ಭಾಷಣದಲ್ಲಿ ಹೇಳುತ್ತಿದ್ದ ಸಮಾನತೆ ನನಗೆ ಅರ್ಥವಾದದ್ದು ಈ ನಮೂನೆಯಿಂದ.

ಇನ್ನು ಬ್ರಿಜ್ಜಿನ ವಿಷಯ. ಮಂತ್ರಿಯಾದವರಿಗೆ ‘ಇದು ನಾ ಮಾಡಿದ್ದು’ ಅನ್ನಲಿಕ್ಕೆ ಒಂದಾದರೂ ಬೇಕಲ್ಲ. ಸಾಹೇಬರಿಗೆ ಇದ್ದದ್ದು ಕೃಷ್ಣಾ ನದಿಗೆ ಕಟ್ಟಿಸಿದ ಒಂದು ಬ್ರಿಜ್. ಆದರೆ ಹೊಳೆಯಾಚೆ, ಸತ್ತಿ ಎಂಬ ಊರಿನ ಕಡೆ, ಇನ್ನೊಬ್ಬರಿದ್ದರು. ಹಳೆಯ ಶಾಸಕರು, ಎದುರು ಪಾರ್ಟಿಯವರು, ಆ ಕಡೆಯ ಜನರಿಗೆಲ್ಲ ಅಣ್ಣಾ. ಅಣ್ಣಾನ ಪ್ರಕಾರ ಬ್ರಿಜ್ ಅಣ್ಣಾನದು. ಒಂದು ಕಾಲಕ್ಕೆ ಒಂದೇ ತಾಟಿನಲ್ಲಿ ಉಂಡ ಗೆಳೆಯರು, ಉದ್ಘಾಟನೆಯ ಕಲ್ಲಿನಲ್ಲಿ ಯಾರ ಹೆಸರು ಮೇಲೆ ಅನ್ನುವಲ್ಲಿ ಮಾತು ಬಿಟ್ಟವರು ಮತ್ತೆ ಕೂಡಲಿಲ್ಲ. ಈ ವಾರ ಇವರು ‘ನನ್ನ ಬ್ರಿಜ್’ ಅಂದರೆ ಮುಂದಿನ ವಾರ ಅವರು ‘ನನ್ನ ಬ್ರಿಜ್’. ಮಳೆಗಾಲದಲ್ಲಿ ಹೊಳೆ ಏರಿ ಬ್ರಿಜ್ ಮುಳುಗಿದಾಗ ಮಾತ್ರ ಇಬ್ಬರೂ ಅದನ್ನು ಒಬ್ಬರಿಗೊಬ್ಬರು ಉದಾರವಾಗಿ ಬಿಟ್ಟುಕೊಡುತ್ತಿದ್ದರು.

ಹಳೆಯ ಡೈರಿಗಳನ್ನೆಲ್ಲ ಸೇರಿಸಿ ಸಾಹೇಬರು ಆತ್ಮಕಥೆ ಬರೆಯುತ್ತಿದ್ದರು. ನಾನು ಟೈಪ್ ಮಾಡುತ್ತಿದ್ದೆ. ಅದರ ನಡುಮಧ್ಯದ ಅಧ್ಯಾಯ ಬ್ರಿಜ್ಜಿನದು, ಉಳಿದದ್ದೆಲ್ಲ ಅದರ ಹಿಂದೆ ಮುಂದೆ ನಡೆದ ಪ್ರವಾಸ. ಅದು ಅವರಿಗೂ ಗೊತ್ತಿತ್ತು.

“ಬ್ರಿಜ್ ತಗದ್ರ ಇದರಾಗ ಏನ್ ಉಳೀತೈತಿ ತಂಗಿ? ಬರೇ ಊಟ, ನಮಸ್ಕಾರ,” ಎಂದು ಒಮ್ಮೆ ಅಂದರು. ನಗುತ್ತ ಅಂದದ್ದೇ, ಆದರೆ ಅಂದ ಮೇಲೆ ಬ್ರಿಜ್ಜಿನ ಪುಟಗಳನ್ನು ಇನ್ನೊಮ್ಮೆ ಎಣಿಸಿ ಇಟ್ಟರು.

ಒಂದು ದಿನ ಅಂಗಡಿ ತೆರೆಯುವುದರೊಳಗೆ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಕೈಬರಹದ ಕಾಗದ, ನಾಲ್ಕೈದು ಸಲ ಹೊಡೆದು ತಿದ್ದಿದ್ದು. ಹೊಡೆದುಹಾಕಿದ ಸಾಲುಗಳನ್ನು ಅವರ ಕೈಯಲ್ಲಿ ನಾನು ನೋಡಿದ್ದು ಅದೇ ಮೊದಲು.

“ಅಣ್ಣಾ ಹೋದ ತಂಗಿ. ಇದನ್ನ ಟೈಪ್ ಹೊಡಿ. ಹಳೇ ನಮೂನಿ ಬ್ಯಾಡ.”

ಹೊಡೆಯತೊಡಗಿದೆ. ಮೊದಲ ಎರಡು ಪ್ಯಾರಾ ಹಳೆಯ ಗೆಳೆತನದ್ದು. ಮೂರನೆಯದಕ್ಕೆ ಬಂದಾಗ ನನ್ನ ಕೈ ನಿಂತಿತು. ‘ಇಂದು ನಾವೆಲ್ಲ ದಾಟುವ ಸೇತುವೆ ಅವರದು. ಬೆಂಗಳೂರಿನಲ್ಲಿ ಅದಕ್ಕಾಗಿ ಚಪ್ಪಲಿ ಸವೆಸಿದವರು ಅವರು. ನಾನು ಬರೇ ಸಹಿ ಮಾಡಿದೆ. ಇದನ್ನು ಅವರಿದ್ದಾಗ ಹೇಳಬೇಕಿತ್ತು.’

“ಸಾಹೇಬ್ರ, ಬ್ರಿಜ್ ಅವರಿಗೆ ಕೊಟ್ರೇನ್ರಿ?”

“ಸತ್ತವಗ ಕೊಟ್ರ ಏನ್ ಹೋಗತೈತಿ? ಅವ ಬಂದು ಅದರ ಮ್ಯಾಲ ನಿಂತು ಫೋಟೋ ತಗಸ್ಕೊಳ್ಳಾವಲ್ಲ.”

ಹಾಗೆ ಅಂದರೂ ಮುಖ ಆ ಕಡೆ ತಿರುಗಿಸಿಕೊಂಡಿದ್ದರು. ಅಣ್ಣಾ ತೀರಿದ ಸುದ್ದಿ ನಾನು ಎಲ್ಲೂ ಕೇಳಿರಲಿಲ್ಲ. ಮೊಬೈಲಿನಲ್ಲಿ ಯಾರೂ ಹಾರ ಹಾಕಿದ ಫೋಟೋ ಕಳಿಸಿರಲಿಲ್ಲ; ನಮ್ಮ ಕಡೆ ಹಾಗೆ ಬಾರದೆ ಯಾರೂ ಪೂರ್ತಿ ಸತ್ತ ಹಾಗಲ್ಲ.

“ಖಾತ್ರಿ ಐತೇನ್ರಿ ಸಾಹೇಬ್ರ?”

“ಬೆಳಿಗ್ಗೆನ ಡೈರಿಯೊಳಗ ಬರದೇನಿ.”

“ಅಲ್ರಿ, ಅವರು ಹೋಗಿದ್ದು ಖಾತ್ರಿ ಏನ್ರಿ?”

“ಮಿರಜ್ ದವಾಖಾನಿಯಿಂದ ಫೋನ್ ಬಂದಿತ್ತು. ಇವತ್ತ ಹೊತ್ತ ಮುಳಗೂತನಕ ಉಳಿಯೂದ ಕಷ್ಟ ಅಂದಾರಂತ ಡಾಕ್ಟರು. ಹೊತ್ತ ಮುಳಗೂ ಮೊದಲ ಪೋಸ್ಟ್ ಮುಚ್ಚತೈತಿ. ಸಂತಾಪದ ಪತ್ರ ಕಳಿಸಿದೆ ಅಂತ ಬರದಿಟ್ಟೇನಿ, ತಡಾ ಮಾಡಿದ್ರ ಹೆಂಗ?”

ಪತ್ರ ಹೋಯಿತು. ಹೊತ್ತೂ ಮುಳುಗಿತು. ಅಣ್ಣಾ ಮಾತ್ರ ಮುಳುಗಲಿಲ್ಲ. ಎರಡು ದಿನಕ್ಕೆ ಕಣ್ಣು ಬಿಟ್ಟು, ವಾರದೊಳಗೆ ಊರಿಗೆ ಬಂದು, ರೊಟ್ಟಿ ಕೊಡಲಿಲ್ಲವೆಂದು ಮನೆಯವರೊಂದಿಗೆ ಜಗಳ ತೆಗೆದರೆಂದು ಅಥಣಿಯ ಬಸ್ಸಿನಲ್ಲಿ ಬಂದವರು ಹೇಳಿದರು.

ನಾನು ಸುದ್ದಿ ಹೇಳಲು ಹೋದಾಗ ಸಾಹೇಬರಿಗೆ ಆಗಲೇ ಗೊತ್ತಿತ್ತು. ಡೈರಿಯ ಹಳೆಯ ಪುಟ ತೆರೆದು ಬದಿಗೆ ಬರೆಯುತ್ತಿದ್ದರು. ‘ಆತ್ಮೀಯ ಗೆಳೆಯ ಅಣ್ಣಾ ಇಂದು ನಮ್ಮನ್ನಗಲಿದರು’ ಎಂಬ ಸಾಲಿನ ಪಕ್ಕ: ‘ತಾಂತ್ರಿಕ ಕಾರಣಗಳಿಂದ ಮುಂದೂಡಲಾಗಿದೆ.’

“ಈಗ ಏನ್ ಮಾಡೂದ್ರಿ?” ಅಂದೆ.

ಒಳಗಿನಿಂದ ಕಾಕು ಅಂದರು: “ಏನ್ ಮಾಡೂದು? ಮನಷ್ಯಾ ಬದುಕ್ಯಾನ ಅಂತ ಇವರಿಗೆ ಸಂತಾಪ ಆಗೇತಿ. ಅದಕ್ಕೊಂದ ಪತ್ರ ಬರದು ಕೊಡು ತಂಗಿ.”

ಆ ಕಡೆಯಿಂದ ಉತ್ತರ ಬಂತು. ಹಾಳೆಯ ಎರಡೂ ಬದಿಗೆ, ಕೈಯಲ್ಲಿ ಬರೆದದ್ದು. ಸಾಹೇಬರಿಗೆ ಅಕ್ಷರ ಓಡಲಿಲ್ಲ, ನನ್ನ ಕೈಯಲ್ಲಿ ಓದಿಸಿದರು.

‘ಸಾಹೇಬರಿಗೆ ಸತ್ತಿಯಿಂದ ಕೈಲಾಸವಾಸಿ ಅಣ್ಣಾ ಮಾಡುವ ನಮಸ್ಕಾರ. ನಿಮ್ಮ ಸಂತಾಪದ ಕಾಗದ ಮುಟ್ಟಿತು. ನಾನು ಉಣ್ಣಲಿಕ್ಕೆ ಕೂತಾಗ ಸೊಸೆ ಓದಿ ಹೇಳಿದಳು. ಮನೆಯವರೆಲ್ಲ ಅತ್ತರು. ಇಂಥ ಒಳ್ಳೆಯ ಮನುಷ್ಯ ಹೋದನಲ್ಲ ಅಂತ ನನಗೂ ಕಣ್ಣಲ್ಲಿ ನೀರು ಬಂತು. ಮೂರನೇ ಪ್ಯಾರಾ ಬಹಳ ಚಂದ ಬಂದಿದೆ. ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದೇನೆ, ಬಂದವರೆಲ್ಲ ಓದುತ್ತಾರೆ. ನಿಮ್ಮ ಪುಸ್ತಕದ ಬಿಡುಗಡೆಗೆ ತಪ್ಪದೆ ಕರೆಯಿರಿ. ಕಟ್ಟು ತೆಗೆದುಕೊಂಡೇ ಬರುತ್ತೇನೆ.’

ಸಾಹೇಬರು ಕೆಂಪಗಾದರು. “ಅಯೋಗ್ಯ! ಸಾಯೂದಕ್ಕೂ ನಿಯತ್ತ ಇಲ್ಲ,” ಅಂದರು. “ಬ್ರಿಜ್ ಅಧ್ಯಾಯ ಸದ್ಯ ತಡಿ ತಂಗಿ,” ಅಂದರು. ಆಮೇಲೆ ಕಾಗದವನ್ನು ಇಸಿದುಕೊಂಡು, ತಿರುಗಿಸಿ ಮುರುಗಿಸಿ ನೋಡಿ ಮೆಲ್ಲಗೆ ಕೇಳಿದರು:

“ಇದು ಅವನ ಸ್ವಂತ ಅಕ್ಷರ ಅಲ್ಲಾ?”

“ಹೌದ್ರಿ.”

“ಟೈಪ್ ಅಲ್ಲ.”

“ಅಲ್ರಿ ಸಾಹೇಬ್ರ.”

ಅಷ್ಟು ವರ್ಷಗಳಲ್ಲಿ ಅಷ್ಟು ಪತ್ರ ಬರೆದವರಿಗೆ ‘ಸಂಬಂಧಪಟ್ಟವರಿಗೆ ಕಳಿಸಲಾಗಿದೆ’ ಎನ್ನದ ಉತ್ತರ ಬಂದದ್ದು ಅದೇ ಮೊದಲು.

ಅಂದೇ ತಿದ್ದುಪಡಿ ಹೋಯಿತು: ‘ನಮ್ಮ ಹಿಂದಿನ ಸಂತಾಪ ಪತ್ರದ ಮೂರನೇ ಪ್ಯಾರಾವನ್ನು ಹಿಂಪಡೆಯಲಾಗಿದೆ ಎಂದು ತಿಳಿಯತಕ್ಕದ್ದು.’ ಅಲ್ಲಿಂದ ಬಂತು: ‘ಪ್ಯಾರಾ ಅಷ್ಟೇ ಯಾಕೆ, ಸಂತಾಪವನ್ನೂ ಹಿಂಪಡೆಯಿರಿ, ನಾನು ಇದ್ದೇನೆ.’ ಇವರು: ‘ಸಂತಾಪ ಇರಲಿ, ಯೋಗ್ಯ ಸಮಯದಲ್ಲಿ ಬಳಸಿಕೊಳ್ಳುವುದು.’ ಅವರು: ‘ಬ್ರಿಜ್ಜಿನ ಮೇಲೆ ನನ್ನ ಎತ್ತಿನ ಗಾಡಿ ಮೊದಲು ದಾಟಿತು, ನೆನಪಿದೆಯೇ?’ ಇವರು: ‘ಗಾಡಿಯಲ್ಲಿ ನಾನೂ ಇದ್ದೆ.’ ಅವರು: ‘ಇದ್ದಿರಿ, ನಿದ್ದೆ ಹೊಡೆಯುತ್ತಿದ್ದಿರಿ.’

ಟೈಪ್ ಮಾಡುವಾಗ ನನಗೆ ನಗು ತಡೆಯುತ್ತಿರಲಿಲ್ಲ. ಆದರೆ ಅಲ್ಲಿ ಆಟಕ್ಕಿಂತ ಹೆಚ್ಚಿನದು ಇತ್ತು. ಪುಸ್ತಕ ಬ್ರಿಜ್ಜಿನ ಹತ್ತಿರ ಬಂದು ನಿಂತುಬಿಟ್ಟಿತ್ತು. ಅಣ್ಣಾ ಆ ಕಾಗದ ತಿರುಗಿ ಕೊಡದೆ ಸಾಹೇಬರಿಗೆ ಆ ಅಧ್ಯಾಯ ಬರೆಯುವ ಹಾಗಿಲ್ಲ. ಬರೆಯದೆ ಬಿಟ್ಟರೆ ತಮ್ಮ ಬದುಕು ಬರೇ ಊಟ, ನಮಸ್ಕಾರ. ಇದು ಒಂದು ಕಡೆ. ಇನ್ನೊಂದು ಕಡೆ, ಡೈರಿಯಲ್ಲಿ ಈಗ ದಿನಾ ಬೆಳಿಗ್ಗೆ ‘ಅಣ್ಣಾನ ಪತ್ರ ಬಂತು’ ಎಂಬ ಸಾಲು ಇರತೊಡಗಿತ್ತು. ಟಪಾಲಿನವರು ಬರುವ ಹೊತ್ತಿಗೆ ಗೇಟಿನ ಹತ್ತಿರ ಕುರ್ಚಿ. ಬಾರದ ದಿನ ಊಟ ಸೇರುತ್ತಿರಲಿಲ್ಲ.

“ಝುಣಕ ಆದ್ರ ನಾ ಮಾಡಿ ಹಾಕತೇನಿ,” ಅನ್ನುತ್ತಿದ್ದರು ಕಾಕು, “ಅಣ್ಣಾನ ಪತ್ರ ಎಲ್ಲಿಂದ ಮಾಡಿ ಹಾಕಲಿ?”

ಕೊನೆಗೆ ಅಣ್ಣಾ ಬರೆದರು: ‘ಚಿಕ್ಕೋಡಿ ಕೋರ್ಟಿನಲ್ಲಿ ನನ್ನ ಹೊಲದ ತಾರೀಖಿದೆ. ಕೆಲಸ ಮುಗಿಸಿ ಸಂಜೆ ಮನೆಗೆ ಬರುತ್ತೇನೆ. ಕಟ್ಟು ತರುತ್ತೇನೆ. ಕೊಡುತ್ತೇನೋ ಇಲ್ಲವೋ ಅದು ನಿಮ್ಮ ಚಹಾದ ಮೇಲೆ.’

ಆ ದಿನ ಬೆಳಿಗ್ಗೆ ಸಾಹೇಬರು ಜಳಕ ಮಾಡಿದರು, ಡೈರಿ ಬರೆದರು. ಚಹಾ ತಂದ ಕಾಕು ಕರೆದರೆ ಮಾತಾಡಲಿಲ್ಲ. ಪೆನ್ನಿನ ಟೋಪಿ ಹಾಕಿ ಇಟ್ಟಿದ್ದರು, ತಮ್ಮ ಟೋಪಿಯೂ ತಲೆಯ ಮೇಲೆ ಸರಿಯಾಗಿಯೇ ಇತ್ತು.

ಸುದ್ದಿ ಮುಟ್ಟಿದ ಕೂಡಲೇ ಅಣ್ಣಾ ಕೋರ್ಟಿಗೆ ಹೋಗದೆ ನೇರ ಮನೆಗೆ ಬಂದರು. ಸಂಜೆ ಮಣ್ಣು ಕೊಟ್ಟು ಬಂದ ಮೇಲೆ ಮಂದಿ ಕರಗಿದರು. ಪಡಸಾಲೆಯಲ್ಲಿ ಕಾಕು, ನಾನು, ಗೋಡೆಗೊರಗಿ ಅಣ್ಣಾ. ಕಾಕು ಡೈರಿ ನನ್ನ ಮುಂದೆ ಸರಿಸಿದರು.

“ಇವತ್ತ ಏನೇನ್ ಮಾಡ್ಯಾರ, ನೋಡಿ ಹೇಳ ತಂಗಿ.”

ಓದಿದೆ: “ಹತ್ತು ಗಂಟೆಗೆ ಅಹವಾಲು ಆಲಿಸಿದೆ. ಮಧ್ಯಾಹ್ನ ಸಿಹಿ ಊಟ. ಸಂಜೆ ಅಣ್ಣಾ ಬಂದಿದ್ದರು. ಬ್ರಿಜ್ಜಿನ ಮಾತು ಬಂತು. ಇಬ್ಬರೂ ಚಹಾ ಕುಡಿದೆವು.” ಕೆಳಗೆ ಸಹಿ.

“ಹೋಗಿದ್ದು ಬರದಿಲ್ಲೇನು?”

“ಇಲ್ರಿ ಕಾಕು.”

“ಬರೀದ ಮಾಡಿದ್ದು ಇದೊಂದ ನೋಡು,” ಅಂದರು ಕಾಕು. ಆಗ ಅತ್ತರು.

ಅಣ್ಣಾ ಡೈರಿಯನ್ನು ತಮ್ಮ ಕಡೆ ತಿರುಗಿಸಿಕೊಂಡು ನೋಡಿ, “ಚಹಾ ಅಂತ ಬರದಾನಲ್ಲ,” ಅಂದರು. ಸೂತಕದ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ನಾನು ನಮ್ಮ ಮನೆಯಿಂದ ಮಾಡಿ ತಂದೆ. ಎರಡು ಬಸಿ ತಾ ಎಂದು ಕಾಕು ಹೇಳಿದ್ದರು, ಎರಡೂ ಅಣ್ಣಾನ ಮುಂದಿಟ್ಟೆ. ಅವರು ಒಂದನ್ನು ಸಾಹೇಬರ ಖಾಲಿ ಕುರ್ಚಿಯ ಕಡೆ ಸರಿಸಿ, ತಮ್ಮದನ್ನು ಕುಡಿದರು. “ಬ್ರಿಜ್ ನಂದ ಐತಿ, ಮಗನ,” ಎಂದು ಕುರ್ಚಿಗೆ ಹೇಳಿ ಎದ್ದು ಹೋದರು. ಡೈರಿಯ ಪುಟ ಅಷ್ಟರ ಮಟ್ಟಿಗೆ ನಿಜವಾಯಿತು.

ಕೆಲ ದಿನ ಬಿಟ್ಟು ಅಣ್ಣಾ ನನ್ನ ಅಂಗಡಿಗೆ ಬಂದರು. ಬಗಲಲ್ಲಿ ಪಂಜೆಯಲ್ಲಿ ಸುತ್ತಿದ ಕಟ್ಟು.

“ಟೈಪ್ ಮಾಡಾಕಿ ನೀನ ಅಲ್ಲನವಾ?”

“ಹೌದ್ರಿ ಅಣ್ಣಾರ, ಬರ್ರಿ.”

“ಈ ಕಾಗದಾ ತಗಿ. ಹೆಸರಷ್ಟ ಬದಲ ಮಾಡು. ನನ್ನ ಹೆಸರ ಇದ್ದಲ್ಲಿ ಅವಂದು ಹಾಕು. ಕೆಳಗ ಸಹಿ ನಾ ಮಾಡ್ತೇನಿ.”

ಮೊದಲ ಎರಡು ಪ್ಯಾರಾ ಸಲೀಸಾಗಿ ಆದವು. ಮೂರನೆಯದಕ್ಕೆ ಮತ್ತೆ ಕೈ ನಿಂತಿತು.

“ಅಣ್ಣಾರ, ಹೆಸರ ಬದಲ ಮಾಡಿದ್ರ ಇಲ್ಲಿ ಬ್ರಿಜ್ ಅವರದಾಗತೈತ್ರಿ.”

“ಗೊತ್ತೈತಿ. ಹೊಡಿ.”

“‘ನಾನು ಬರೇ ಸಹಿ ಮಾಡಿದೆ’ ಅಂತ ಐತ್ರಿ.”

“ಅಲ್ಲಿ ‘ಬರೇ ಓಡ್ಯಾಡಿದೆ’ ಅಂತ ಹಾಕು. ಅವ ಸಹಿ ಮಾಡದಿದ್ರ ನಾ ಇನ್ನೂ ಬೆಂಗಳೂರಾಗ ಓಡ್ಯಾಡತಿದ್ದೆ.”

ಚಪ್ಪಲಿಯ ಸಾಲು ತೆಗೆಯಬೇಕಾಯಿತು. ‘ಇದನ್ನು ಅವರಿದ್ದಾಗ ಹೇಳಬೇಕಿತ್ತು’ ಎಂಬ ಸಾಲಿಗೆ ಏನೂ ಬದಲು ಬೇಕಾಗಲಿಲ್ಲ.

ಅಣ್ಣಾ ಸಹಿ ಮಾಡಿದರು. ಲಕೋಟೆಯ ಮೇಲೆ ಕಾಕುವಿನ ಹೆಸರು ಬರೆಸಿ, ತಾವೇ ಅಂಟು ಹಚ್ಚಿದರು. ಎರಡು ಮನೆ ಆಚೆ ಕೊಟ್ಟರೆ ಆಗುತ್ತಿತ್ತು. ಟಪಾಲಿನಲ್ಲೇ ಹೋಗಬೇಕು ಅಂದರು. ಅಂಗಡಿಯ ಮೆಟ್ಟಿಲು ಇಳಿದವರು ತಿರುಗಿ ನಿಂತರು.

“ತಂಗೀ, ಖಾತ್ರಿ ಹೋಗ್ಯಾನಲ್ಲ?”

“ಏನ್ರಿ ಅಣ್ಣಾರ, ಮಣ್ಣಿಗೆ ನೀವ ಬಂದಿದ್ರೆಲ್ರಿ.”

“ಬಂದಿದ್ದೆ,” ಅಂದರು. “ಆದರೂ ಇಂಥಾ ಕಾಗದಕ್ಕ ಒಂದೊಂದ ಸಲ ಉತ್ತರಾ ಬರತಾವು.”

ಎದುರಿನ ಕೆಂಪು ಡಬ್ಬಿಗೆ ಲಕೋಟೆ ಹಾಕಿದರು. ಬಿದ್ದ ಸಪ್ಪಳ ಕೇಳಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು.